ಕುಡುಗೋಲಿಗೆ ಹತ್ತಿದ ತಾಮ್ರ

ಹಾನಗಲ್ ಕಡೆ ಮುಂಗಾರು ಹಿಡಿಯುವ ಮೊದಲೇ ಅಡಿಕೆ ತೋಟದಲ್ಲಿ ಬೋರ್ಡೋ ದ್ರಾವಣದ ಗಡಿಬಿಡಿ. ಕೊಳೆರೋಗಕ್ಕೆ ಇದು ಹಳೆಯ ಮದ್ದು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕರಗಿಸಬೇಕು, ಕಬ್ಬಿಣದ ಬಕೆಟ್ ಮುಟ್ಟುವಂತಿಲ್ಲ. ಎರಡನ್ನೂ ಕೂಡಿಸಿದ ಮೇಲೆ ನಮ್ಮ ಕಾಕಾ ತಿಕ್ಕಿ ತೊಳೆದ ಕುಡುಗೋಲನ್ನು ಅದರಲ್ಲಿ ಅದ್ದುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಎತ್ತಿ ಬಿಸಿಲಿಗೆ ಹಿಡಿಯುತ್ತಾರೆ.

"ಕೆಂಪಾತು ನೋಡು ತಮ್ಮಾ. ಸುಣ್ಣ ಸಾಲಿಲ್ಲ, ಇನ್ನೊಂದೀಟು ಹಾಕು."

ಆ ಕೆಂಪು ತುಕ್ಕಲ್ಲ, ತಾಮ್ರ. ಬೆರಳಲ್ಲಿ ಉಜ್ಜಿದರೆ ಪುಡಿಯಾಗಿ ಕೈಗೆ ಬರುತ್ತದೆ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ನೀರಿನಲ್ಲಿ ಕರಗಿದಾಗ ಅದರ ಒಂದೊಂದು ತಾಮ್ರದ ಪರಮಾಣುವಿಗೂ ಎರಡೆರಡು ಎಲೆಕ್ಟ್ರಾನ್ ಕಮ್ಮಿ ಇರುತ್ತವೆ. ಕಬ್ಬಿಣ ತನ್ನ ಎಲೆಕ್ಟ್ರಾನ್‌ಗಳನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಕೊಟ್ಟ ಕಬ್ಬಿಣ ನೀರಿಗಿಳಿಯುತ್ತದೆ, ಪಡೆದ ತಾಮ್ರ ಅಲಗಿನ ಮೇಲೆ ಕೂರುತ್ತದೆ. ಸುಮಾರು 56 ಗ್ರಾಂ ಕಬ್ಬಿಣ ಕರಗಿದರೆ 63.5 ಗ್ರಾಂ ತಾಮ್ರ ಹೊರಬೀಳುತ್ತದೆ. ಬಕೆಟ್ಟೂ ಹಾಳು, ಮದ್ದೂ ಹಾಳು.

ಅದ್ದಿ ನೋಡದೆ ಇದನ್ನು ಮೊದಲೇ ಹೇಳಬಹುದಾ? ಹೇಳಬಹುದು. ಎಲೆಕ್ಟ್ರಾನ್ ಕೊಡುವ ಗುಣದ ಮೇಲೆ ಲೋಹಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಮೆಗ್ನೀಸಿಯಂ, ಅಲ್ಯೂಮಿನಿಯಂ, ಸತು, ಕಬ್ಬಿಣ, ಸೀಸ, ತಾಮ್ರ, ಬೆಳ್ಳಿ, ಚಿನ್ನ. ಸಾಲಿನಲ್ಲಿ ಮೊದಲು ಬರುವ ಲೋಹ ಆಮೇಲೆ ಬರುವುದನ್ನು ಅದರ ಲವಣದಿಂದ ಹೊರದೂಡುತ್ತದೆ. ಈ ಸಾಲು ಸುಮ್ನೆ ಬಾಯಿಪಾಠಕ್ಕೆ ಮಾಡಿದ್ದಲ್ಲ, ಅಳೆದು ಮಾಡಿದ್ದು. ಕಬ್ಬಿಣಕ್ಕೆ −0.44 ವೋಲ್ಟ್, ತಾಮ್ರಕ್ಕೆ +0.34; ಅಂಕಿ ಕೆಳಗಿಳಿದಷ್ಟೂ ಎಲೆಕ್ಟ್ರಾನ್ ಬಿಡುವುದು ಸುಲಭ. ನಡುವಿನ ಅಂತರ 0.78 ವೋಲ್ಟ್, ಒಳ್ಳೆಯ ಸೆಳೆತವೇ. ಅದೇ ತಾಮ್ರದ ತಂತಿಯನ್ನು ಬೆಳ್ಳಿಯ ನೈಟ್ರೇಟಿನಲ್ಲಿ ಇಳಿಬಿಟ್ಟರೆ ಬೆಳ್ಳಿಯ ಎಳೆಗಳು ಪಾಚಿಯ ಹಾಗೆ ಬೆಳೆಯುತ್ತವೆ. ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಕರಗಿಸಿದ ನೀರಿನಲ್ಲಿ ಬಿಟ್ಟರೆ ಕಬ್ಬಿಣ ಹೊರಬರುವುದಿಲ್ಲ. ಸಾಲಿನ ಕೊನೆಯಲ್ಲಿರುವ ಚಿನ್ನವಂತೂ ಎಲೆಕ್ಟ್ರಾನ್ ಬಿಡುವುದೇ ಕಷ್ಟ. ಅದಕ್ಕೇ ಗದಗದ ಕಪ್ಪತಗುಡ್ಡದ ಕಬ್ಬಿಣ ಆಕ್ಸೈಡ್ ಆಗಿ ಕೂತಿದ್ದರೆ, ಅಲ್ಲಿನ ಚಿನ್ನ ಚಿನ್ನವಾಗಿಯೇ ಇದೆ.

ಆದರೆ ಸಾಲನ್ನೇ ನಂಬಿ ಕೂತರೆ ಅಲ್ಯೂಮಿನಿಯಂ ಮೋಸ ಮಾಡುತ್ತದೆ. ಅದರ ಅಳತೆ −1.66 ವೋಲ್ಟ್. ಲೆಕ್ಕದ ಪ್ರಕಾರ ಮೈಲುತುತ್ತದ ನೀರಿನಲ್ಲಿ ಕಬ್ಬಿಣಕ್ಕಿಂತ ಜಾಸ್ತಿ ಆರ್ಭಟ ಮಾಡಬೇಕು, ಅಲ್ವಾ? ಹಾಕಿ ನೋಡಿದರೆ ತೆಪ್ಪಗಿರುತ್ತದೆ. ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆ ಇದೆ. ಒಂದು ಚಮಚ ಅಡುಗೆ ಉಪ್ಪು ಹಾಕಿ ಕಲಸಿದರೆ ಕ್ಲೋರೈಡ್ ಆ ಪೊರೆಯನ್ನು ಕೊರೆಯುತ್ತದೆ. ಆಮೇಲೆ ನೀರು ಬಿಸಿಯಾಗುತ್ತದೆ, ಗುಳ್ಳೆ ಏಳುತ್ತವೆ, ತಳದಲ್ಲಿ ಕೆಂಪು ರಾಡಿ ಸೇರುತ್ತದೆ. ಯಾವುದು ಆಗಬಲ್ಲದು ಅಂತ ಸಾಲು ಹೇಳುತ್ತದೆ. ಎಷ್ಟು ಬೇಗ, ದಾರಿಯಲ್ಲಿ ಅಡ್ಡ ಏನಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಡ್ರಮ್ಮಿಗೆ ಇನ್ನೊಂದು ತಂಬಿಗೆ ಸುಣ್ಣದ ಹಾಲು ಬಿತ್ತು. ಕಾಕಾ ಕುಡುಗೋಲು ಒರೆಸಿ ಮತ್ತೆ ಅದ್ದಿದರು. ಈ ಸಲ ಅಲಗು ಹೊಳೆಯುತ್ತಲೇ ಇತ್ತು. ಸಾಲಿನಲ್ಲಿ ಕಬ್ಬಿಣದ ಜಾಗವೂ ಬದಲಾಗಿಲ್ಲ, ತಾಮ್ರವೂ ಡ್ರಮ್ಮಿನಲ್ಲೇ ಇದೆ. ಆದರೆ ಸುಣ್ಣ ಅದನ್ನು ನೀರಿನಲ್ಲಿ ಕರಗದ ಹೈಡ್ರಾಕ್ಸೈಡ್ ಮಾಡಿ ಕಟ್ಟಿಹಾಕಿದೆ. ಕಬ್ಬಿಣ ಎಲೆಕ್ಟ್ರಾನ್ ಕೊಡೋಣವೆಂದರೂ ಪಡೆಯಲು ಬಿಡಿ ತಾಮ್ರವೇ ಸಿಗುತ್ತಿಲ್ಲ. ಆ ಬಿಡಿ ತಾಮ್ರ ಉಳಿದಿದ್ದರೆ ಎಳೆಯ ಎಲೆಗಳನ್ನು ಸುಡುತ್ತಿತ್ತು.

"ಈಗ ಸಾಕು," ಅಂದರು ಕಾಕಾ. "ಪಂಪಿಗೆ ಸುರಿ."