ಊಟಕ್ಕೆ ಮುಂಚೆ ಬರೀ ನೀರು, ಊಟ ಆದ ಮೇಲೆ ಸೋಪು: ಸರಿನಾ?

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ಒಂದು ಹಳ್ಳಿ. ಅತ್ತೆ ತೋಟದಿಂದ ಬಂದವರು ಕೈಗೆ ಒಂದು ಚೊಂಬು ನೀರು ಹಾಕಿಕೊಂಡು ಊಟಕ್ಕೆ ಕೂತುಬಿಡುತ್ತಾರೆ. ಅದೇ ಕೈಯಲ್ಲಿ ಮೂರು ವರ್ಷದ ಮಗನಿಗೂ ತಿನ್ನಿಸುತ್ತಾರೆ. ಸೋಪು ಹಾಕಿ ಅಂದರೆ "ನನ್ನ ಕೈ ಏನು ಗಲೀಜಾ?" ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಬರೀ ನೀರು ನಿಜವಾಗಿಯೂ ಸಾಲದಾ?

ಉತ್ತರ: ಸಾಲದು. ಹಾಗಂತ ಬರೀ ನೀರು ದಂಡ ಅಂತಲೂ ಅಲ್ಲ.

2011ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಸಾರ್ವಜನಿಕ ಜಾಗಗಳಲ್ಲಿ ಬಾಗಿಲ ಹಿಡಿ, ಕಂಬಿ ಮುಟ್ಟಿ ಬಂದವರ ಕೈಗಳನ್ನು ಪರೀಕ್ಷಿಸಿದರು. ಕೈ ತೊಳೆಯದೇ ಇದ್ದಾಗ, ಮಲದ ಮೂಲಕ ಹರಡುವಂಥ ಬ್ಯಾಕ್ಟೀರಿಯಾ 100ರಲ್ಲಿ 44 ಮಾದರಿಗಳಲ್ಲಿ ಸಿಕ್ಕಿತು. ಬರೀ ನೀರಲ್ಲಿ ತೊಳೆದಾಗ 23ರಲ್ಲಿ. ಸೋಪು ಹಾಕಿ ತೊಳೆದಾಗ 8ರಲ್ಲಿ. ಅಂದರೆ ನಿಮ್ಮ ಅತ್ತೆಯ ಒಂದು ಚೊಂಬು ನೀರು ಅರ್ಧ ಕೆಲಸ ಮಾಡುತ್ತಿದೆ. ಉಳಿದರ್ಧಕ್ಕೆ ಸೋಪೇ ಬೇಕು.

ಯಾಕೆ ಅಂತ ನಿಮಗೇ ಗೊತ್ತಿದೆ. ಕೋಳಿ ಸಾರಲ್ಲಿ ಮುದ್ದೆ ಉಂಡ ಕೈಗೆ ಎಷ್ಟು ನೀರು ಹುಯ್ದರೂ ಜಿಡ್ಡು ಬಿಡುವುದಿಲ್ಲ, ಅಲ್ವಾ? ನಮ್ಮ ಚರ್ಮಕ್ಕೂ ತನ್ನದೇ ಒಂದು ತೆಳು ಜಿಡ್ಡಿದೆ. ರೋಗಾಣುಗಳು ಅಂಟಿಕೊಳ್ಳುವುದು ಅದಕ್ಕೆ. ಸೋಪಿನ ಕಣಕ್ಕೆ ಎರಡು ತುದಿ. ಒಂದು ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು. ಜಿಡ್ಡನ್ನು ಎಬ್ಬಿಸಿ ನೀರಿನ ಜೊತೆ ಸಾಗಹಾಕುತ್ತದೆ. ಕೊರೊನಾ, ಫ್ಲೂ ವೈರಸ್‌ಗಳ ಹೊರಗಿನ ಪೊರೆಯೇ ಕೊಬ್ಬಿನದು, ಅದನ್ನು ಸೋಪು ಹರಿದೇ ಹಾಕುತ್ತದೆ. ವಾಂತಿಭೇದಿ ತರುವ ಕೆಲವು ವೈರಸ್‌ಗಳು ಹಾಗೆ ಸಾಯುವುದಿಲ್ಲ. ಅವನ್ನು ಉಜ್ಜಿ, ಎಬ್ಬಿಸಿ, ತೊಳೆದೇ ಕಳಿಸಬೇಕು. ಅದಕ್ಕೇ 20 ಸೆಕೆಂಡ್ ಉಜ್ಜಿ ಅನ್ನುವುದು. ಬಿಸಿನೀರೇ ಬೇಕು ಅಂತೇನಿಲ್ಲ, ಮಲೆನಾಡಿನ ಚಳಿಯಲ್ಲಿ ತಣ್ಣೀರಾದರೂ ನಡೆಯುತ್ತದೆ. ಅಂಟವಾಳ, ಸೀಗೆಕಾಯಿ ನೊರೆ ಬರುವುದೂ ಸೋಪಿನಂಥ ಗುಣ ಅವುಗಳಲ್ಲಿ ಇರುವುದರಿಂದಲೇ. ಸ್ಯಾನಿಟೈಸರ್ ಪ್ರಯಾಣದಲ್ಲಿ ಸರಿ. ಮಣ್ಣು, ಜಿಡ್ಡು ಹತ್ತಿದ ಕೈಗೆ ಅದು ಅಷ್ಟು ಕೆಲಸ ಮಾಡುವುದಿಲ್ಲ.

ಮುಂದಿನ ಸಲ ಮದುವೆಗೆ ಹೋದಾಗ ಛತ್ರದ ನಲ್ಲಿ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಊಟಕ್ಕೆ ಮುಂಚೆ ಬಲಗೈ ಬೆರಳ ತುದಿ ನೆನೆಸಿ, ಕೊಡವಿ, ಓಡುತ್ತಾರೆ. ಊಟ ಆದ ಮೇಲೆ ಅದೇ ಜನ ಸೋಪಿಗೆ ಕ್ಯೂ ನಿಲ್ಲುತ್ತಾರೆ. ಸಾರಿನ ವಾಸನೆ ಮೂಗಿಗೆ ಬರುತ್ತದೆ, ಜಿಡ್ಡು ಕಣ್ಣಿಗೆ ಕಾಣುತ್ತದೆ. ರೋಗಾಣು ಎರಡಕ್ಕೂ ಸಿಗುವುದಿಲ್ಲ. ನಿಮ್ಮ ಅತ್ತೆ ಒಬ್ಬರದೇ ತಪ್ಪಲ್ಲ ಇದು. ಓದಿದವರೂ ಹೀಗೇ ಮಾಡುತ್ತಾರೆ.

ಇನ್ನು ಬೇಜಾರಿನ ವಿಷಯ. ನನಗೆ ಇದೇ ದೊಡ್ಡದು ಅನ್ನಿಸುತ್ತದೆ. ವಿಯೆನ್ನಾದ ದೊಡ್ಡ ಆಸ್ಪತ್ರೆಯೊಂದರಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಅನ್ನುವ ಡಾಕ್ಟರ್ ಇದ್ದರು. 1847ರ ಏಪ್ರಿಲ್‌ನಲ್ಲಿ ಅಲ್ಲಿನ ಒಂದು ಹೆರಿಗೆ ವಾರ್ಡಿನಲ್ಲಿ 100ಕ್ಕೆ 18 ಬಾಣಂತಿಯರು ಸತ್ತರು. ಡಾಕ್ಟರುಗಳು ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸಲು ಬರುತ್ತಿದ್ದರು. ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆದೇ ಒಳಗೆ ಬರಬೇಕು ಅಂತ ಸೆಮ್ಮೆಲ್‌ವೈಸ್ ಕಟ್ಟುನಿಟ್ಟು ಮಾಡಿದರು. ನಾವು ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಜಾತಿಯದೇ ಅದು. ಜೂನ್ ಹೊತ್ತಿಗೆ ಸಾವು 100ಕ್ಕೆ 2ರ ಹತ್ತಿರ ಇಳಿಯಿತು. ಆದರೂ ಎಷ್ಟೋ ಡಾಕ್ಟರುಗಳು ಒಪ್ಪಲಿಲ್ಲ. "ನಮ್ಮ ಕೈಯಿಂದ ಜನ ಸಾಯುತ್ತಾರಾ?" ಅನ್ನುವ ಸಿಟ್ಟು ಕೆಲವರಿಗೆ. ಸೆಮ್ಮೆಲ್‌ವೈಸ್ ಕೂಡ ಅವರನ್ನು ಬೈದು ಪತ್ರ ಬರೆದರು. ಅದರಿಂದ ಏನೂ ಆಗಲಿಲ್ಲ. ಕಲಿತ ಡಾಕ್ಟರುಗಳಿಗೇ ಅಷ್ಟು ನೋವಾದರೆ, ಮಗನನ್ನು ಅದೇ ಕೈಯಲ್ಲಿ ಉಣ್ಣಿಸಿ ಬೆಳೆಸಿದ ತಾಯಿಗೆ ಆಗದೇ ಇರುತ್ತದಾ?

ನಿಮ್ಮ ಅತ್ತೆಯ ಲೆಕ್ಕವನ್ನೂ ನೋಡಿ. ಮಲೆನಾಡಿನ ಹಿರಿಯರು ಕಾಲು ತೊಳೆಯದೆ ಒಳಗೆ ಬರುವುದಿಲ್ಲ. ಲೋಟ ಎತ್ತಿ ಕುಡಿಯುತ್ತಾರೆ, ತುಟಿಗೆ ತಾಗಿಸುವುದಿಲ್ಲ. ಎಂಜಲು ಕೈಯನ್ನು ಸಾರಿನ ಪಾತ್ರೆಗೆ ಹಾಕುವುದಿಲ್ಲ. ಇವೆಲ್ಲ ರೋಗ ತಡೆಯುವ ಅಭ್ಯಾಸಗಳೇ. ನಾವು ಸೋಪು ಹಾಕಿ ಕೈ ತೊಳೆದು, ಅದೇ ಕೈಯಲ್ಲಿ ಮೊಬೈಲ್ ತೀಡುತ್ತಾ ರೊಟ್ಟಿ ಮುರಿಯುತ್ತೇವೆ. ಅವರ ಕಣ್ಣಿಗೆ ಗಲೀಜು ನಾವೇ.

ಆದರೆ ಮಡಿ ಬೇರೆ, ರೋಗಾಣು ಬೇರೆ. ಸಗಣಿ ನಮಗೆ ಮೈಲಿಗೆ ಅಲ್ಲ, ಆದರೆ ಹಸಿ ಸಗಣಿಯಲ್ಲಿ ಭೇದಿ ತರುವ ಬ್ಯಾಕ್ಟೀರಿಯಾ ಇರಬಹುದು. ಕೊಟ್ಟಿಗೆಯಿಂದ ಬಂದ ಕೈಗೆ ಸೋಪು ಬೇಕೇ ಬೇಕು. ತೋಟದ ಆಳುಗಳಿಗೆ ಬೇರೆ ಲೋಟ ಇಡುವುದನ್ನು ಶುಚಿ ಅಂತ ಹೇಳುವವರು ಈಗಲೂ ಇದ್ದಾರೆ. ಅದು ಶುಚಿ ಅಲ್ಲ, ಅನ್ಯಾಯ. ರೋಗಾಣುವಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಈಗ ನೀವೇನು ಮಾಡಬಹುದು? ಮಾತು ಬಿಟ್ಟು ಸೋಪಿನ ಜಾಗ ಬದಲಾಯಿಸಿ. ಎಷ್ಟೋ ಮನೆಗಳಲ್ಲಿ ಸೋಪು ಇರುವುದು ಬಚ್ಚಲಲ್ಲಿ, ಅತ್ತೆ ಕೈ ತೊಳೆಯುವುದು ಹಿತ್ತಿಲ ತೊಟ್ಟಿ ಹತ್ತಿರ. ಮಣ್ಣಿನ ಕಾಲಲ್ಲಿ ಬಚ್ಚಲ ತನಕ ಯಾರು ಹೋಗುತ್ತಾರೆ? ನಮ್ಮ ಮನೆಯಲ್ಲಿ ಹಳೇ ಈರುಳ್ಳಿ ಚೀಲದ ಬಲೆ ಕತ್ತರಿಸಿ, ಅದರೊಳಗೆ ಸೋಪು ಹಾಕಿ ತೊಟ್ಟಿ ಪಕ್ಕದ ಗೂಟಕ್ಕೆ ಕಟ್ಟಿದೆ. ಮಣ್ಣಿಗೆ ಬೀಳುವುದಿಲ್ಲ, ಕಾಗೆ ಕಚ್ಚಿಕೊಂಡು ಹೋಗುವುದಿಲ್ಲ. ಬಲೆ ಸಮೇತ ಉಜ್ಜಿದರೆ ನೊರೆಯೂ ಜಾಸ್ತಿ. ಕಾಫಿ ಕುಯ್ಲಿನ ದಿನಗಳಲ್ಲಿ ಹಣ್ಣಿನ ಅಂಟು ಬಿಡಿಸಲು ಅಮ್ಮ ತಾನಾಗೇ ಅದಕ್ಕೆ ಕೈ ಹಾಕಿದರು. ಕುಯ್ಲು ಮುಗಿದ ಮೇಲೂ ಬಿಡಲಿಲ್ಲ.

ಪಕ್ಕದಲ್ಲೇ ಒಂದು ಒಣ ಟವೆಲ್ ನೇತುಹಾಕಿ. ಒದ್ದೆ ಕೈಗೆ ರೋಗಾಣು ಬೇಗ ಹತ್ತುತ್ತದೆ. ತೊಳೆದ ಕೈಯನ್ನು ದಿನವೆಲ್ಲ ಉಟ್ಟ ಸೀರೆಯ ಸೆರಗಿಗೆ ಒರೆಸಿದರೆ ತೊಳೆದದ್ದು ದಂಡ.

ಇನ್ನೊಂದು. ಊಟಕ್ಕೆ ಮುಂಚೆ ಮೊಮ್ಮಗನ ಕೈ ತೊಳೆಸುವ ಕೆಲಸವನ್ನು ಅತ್ತೆಗೇ ಒಪ್ಪಿಸಿ. ಮೂರು ವರ್ಷದ ಮಗುವಿನ ಬೆರಳ ಸಂದಿ, ಹೆಬ್ಬೆರಳು, ಉಗುರ ಕೆಳಗೆ ಉಜ್ಜುವಷ್ಟರಲ್ಲಿ ಅಜ್ಜಿಯ ಎರಡೂ ಕೈ ನೊರೆಯಲ್ಲಿ ಮುಳುಗಿರುತ್ತವೆ.