ಮೈಕೆಲ್ಯಾಂಜೆಲೊ ಮಲಗಿಕೊಂಡು ಚಿತ್ರ ಬಿಡಿಸಿದನೇ?

ಪ್ರಶ್ನೆ: ವ್ಯಾಟಿಕನ್ ನಗರದ ಪ್ರಾರ್ಥನಾ ಮಂದಿರ ಸಿಸ್ಟೀನ್ ಚಾಪೆಲ್‌ನ ಚಾವಣಿಯನ್ನು ಇಟಲಿಯ ಕಲಾವಿದ ಮೈಕೆಲ್ಯಾಂಜೆಲೊ ನಾಲ್ಕು ವರ್ಷ ಅಂಗಾತ ಮಲಗಿಕೊಂಡೇ ಚಿತ್ರಿಸಿದನಂತೆ. ನಿಜವೇ?

ಇಲ್ಲ. ನಿಂತುಕೊಂಡೇ ಚಿತ್ರಿಸಿದ. 1508ರಿಂದ 1512ರವರೆಗೆ. ಎಷ್ಟು ಸಲ ಉತ್ತರ ಕೊಟ್ಟರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಅದಕ್ಕೇ ಈ ಸಲ ಉದ್ದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಾಕ್ಷಿ ಅವನೇ. ಕೆಲಸದ ಕಷ್ಟ ತೋಡಿಕೊಂಡು ಗೆಳೆಯ ಜೊವಾನ್ನಿಗೆ ಒಂದು ಪದ್ಯ ಬರೆದ. ಗಡ್ಡ ಆಕಾಶ ನೋಡುತ್ತಿದೆ, ಕುಂಚದಿಂದ ಬಣ್ಣ ಮುಖದ ಮೇಲೆ ತೊಟ್ಟಿಕ್ಕುತ್ತಿದೆ, ಮೈ ಬಿಲ್ಲಿನಂತೆ ಬಾಗಿದೆ ಎನ್ನುತ್ತಾನೆ. ಮಲಗಿದವನ ಮೈ ಬಿಲ್ಲಾಗುವುದು ಹೇಗೆ? ಪದ್ಯದ ಪಕ್ಕದಲ್ಲೇ ಒಂದು ಪುಟ್ಟ ಚಿತ್ರವನ್ನೂ ಗೀಚಿದ್ದಾನೆ. ಅದರಲ್ಲಿರುವ ಮನುಷ್ಯ ನಿಂತಿದ್ದಾನೆ, ಒಂದು ಕೈ ಚಾವಣಿಗೆ ಚಾಚಿದ್ದಾನೆ. ಇದಕ್ಕಿಂತ ಜಾಸ್ತಿ ಸಾಕ್ಷಿ ಬೇಕಾ?

ಬೇಕು ಅನ್ನುವವರಿಗೆ ವಸಾರಿ ಇದ್ದಾನೆ. ಮೈಕೆಲ್ಯಾಂಜೆಲೊನನ್ನು ಹತ್ತಿರದಿಂದ ಬಲ್ಲವನು, ಅವನ ಜೀವನ ಚರಿತ್ರೆ ಬರೆದವನು. ತಲೆ ಹಿಂದಕ್ಕೆ ಬಾಗಿಸಿ ಕೆಲಸ ಮಾಡಿ ಮಾಡಿ ಕಣ್ಣು ಕೆಟ್ಟು, ಆಮೇಲೆ ಎಷ್ಟೋ ತಿಂಗಳು ಕಾಗದ ಓದುವುದಕ್ಕೂ ತಲೆ ಮೇಲೆತ್ತಬೇಕಾಗುತ್ತಿತ್ತು ಎಂದು ಅವನು ಹೇಳುತ್ತಾನೆ.

ಇನ್ನು ಸಾರವೆ. ಚಾವಣಿ ನೆಲದಿಂದ ಸುಮಾರು 20 ಮೀಟರ್ ಎತ್ತರ. ವಾಸ್ತುಶಿಲ್ಪಿ ಬ್ರಮಾಂತೆ, ಚಾವಣಿಯಲ್ಲೇ ತೂತು ಕೊರೆದು ಹಗ್ಗದಿಂದ ಸಾರವೆ ತೂಗುಹಾಕಿದ. ಆಮೇಲೆ ಆ ತೂತುಗಳನ್ನು ಮುಚ್ಚುವುದು ಹೇಗೆ ಎಂದು ಮೈಕೆಲ್ಯಾಂಜೆಲೊ ಕೇಳಿದ. ಕೊನೆಗೆ ತಾನೇ ಬೇರೆಯದನ್ನು ಮಾಡಿದ. ಕಿಟಕಿಗಳ ಮೇಲೆ ಗೋಡೆಯಲ್ಲಿ ತೂತು ಮಾಡಿ, ಮರದ ತೊಲೆ ಚಾಚಿಸಿ, ಅದರ ಮೇಲೆ ಹಲಗೆ ಹಾಸಿದ. ಕೆಳಗೆ ಪೂಜೆ, ಪ್ರಾರ್ಥನೆ ನಡೆಯುತ್ತಲೇ ಇತ್ತು. 1980ರ ದಶಕದಲ್ಲಿ ಚಾವಣಿಯನ್ನು ಶುಚಿಗೊಳಿಸಿದವರು ತಮ್ಮ ಸಾರವೆಗೂ ಅವೇ ಹಳೆಯ ತೂತುಗಳನ್ನು ಬಳಸಿದರು.

ಕೆಲಸದ ರೀತಿ ನೋಡಿದರೂ ಮಲಗುವ ಮಾತು ನಿಲ್ಲುವುದಿಲ್ಲ. ಇದು ಫ್ರೆಸ್ಕೊ. ಅಂದಂದಿಗೆ ಬೇಕಾದಷ್ಟೇ ಜಾಗಕ್ಕೆ ಹಸಿ ಗಾರೆ ಮೆತ್ತಬೇಕು, ಕಾಗದದ ಮೇಲಿನ ನಕ್ಷೆಯನ್ನು ಅದರ ಮೇಲೆ ಇಳಿಸಿಕೊಳ್ಳಬೇಕು, ಗಾರೆ ಒಣಗುವ ಮೊದಲು ಬಣ್ಣ ಮುಗಿಸಬೇಕು. ಎಷ್ಟೋ ಆಕೃತಿಗಳು ಆಳಿಗಿಂತ ದೊಡ್ಡವು. ಮೇಲಿರುವುದು ಕಮಾನು ಚಾವಣಿ. ಅತ್ತಿತ್ತ ಓಡಾಡದೆ, ಒಂದು ಕಡೆ ಅಂಗಾತ ಬಿದ್ದುಕೊಂಡು ಇದನ್ನೆಲ್ಲ ಮಾಡಲು ಆಗುವುದೇ ಇಲ್ಲ. ನಿಮ್ಮ ಮನೆಗೆ ಸುಣ್ಣ ಬಳಿಯಲು ಬಂದವರು ಚಾವಣಿ ಕೆಳಗೆ ಮಲಗಿದ್ದನ್ನು ಕಂಡಿದ್ದೀರಾ?

ಈ ಸುಳ್ಳು ಹರಡಲು 1965ರ ಒಂದು ಹಾಲಿವುಡ್ ಸಿನಿಮಾ ತುಂಬಾ ನೆರವಾಯಿತು. ಅದರಲ್ಲಿ ನಾಯಕ ಮಲಗಿಯೇ ಬಣ್ಣ ಹಚ್ಚುತ್ತಾನೆ. ಅದನ್ನು ನೋಡಿದವರಿಗೆ ಆ ದೃಶ್ಯವೇ ಇತಿಹಾಸವಾಯಿತು. ನನಗೆ ಬೇಜಾರು ಅದಕ್ಕೇ. ನಿಂತು, ಕತ್ತು ಮುರಿದುಕೊಂಡು ಅವನು ಪಟ್ಟ ನಿಜವಾದ ಪಾಡು ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಯಾರೂ ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು. ಅವನು ತನ್ನನ್ನು ಶಿಲ್ಪಿ ಎಂದೇ ಕರೆದುಕೊಳ್ಳುತ್ತಿದ್ದ. 1504ರಲ್ಲಿ ಮುಗಿಸಿದ 5 ಮೀಟರಿಗೂ ಎತ್ತರದ ಡೇವಿಡ್ ವಿಗ್ರಹದಿಂದ ಆಗಲೇ ಹೆಸರಾಗಿದ್ದ. ಪೋಪ್ ಎರಡನೇ ಜೂಲಿಯಸ್‌ನ ಸಮಾಧಿಗೆ ಶಿಲ್ಪ ಕೆತ್ತಬೇಕೆಂದಿದ್ದವನ ಕೈಗೆ ಅದೇ ಪೋಪ್ ಕುಂಚ ಕೊಟ್ಟ. ಹಾಗಾಗಿ ಅವನು ಚಾವಣಿಯ ಮೇಲೆಯೇ ಕಲಿಯುತ್ತಾ ಹೋದ. ಶುರುವಿನಲ್ಲಿ ಬಾಗಿಲ ಕಡೆ ಬಿಡಿಸಿದ, ಬೈಬಲ್ಲಿನ ನೋಹನ ಪ್ರಳಯದ ಚಿತ್ರ ನೋಡಿ: ಜನವೋ ಜನ, ಎಲ್ಲರೂ ಪುಟ್ಟ ಪುಟ್ಟವರು. ಸಾರವೆಯ ಮೇಲೆ ನಿಂತವನಿಗೆ ಅದು ಕೈಯಳತೆಯ ದೂರ. ಅರ್ಧ ಕೆಲಸ ಮುಗಿದು ಸಾರವೆ ಬಿಚ್ಚಿದಾಗ ಮಾತ್ರ ನೆಲದಿಂದ ಅದು ಹೇಗೆ ಕಾಣುತ್ತದೆಂದು ಗೊತ್ತಾಯಿತು. ಮುಂದಿನ ಚಿತ್ರಗಳಲ್ಲಿ ಜನ ಕಡಿಮೆ, ಆಕೃತಿ ದೊಡ್ಡದು, ಕೈಯೂ ಚುರುಕು. ಬಲಿಪೀಠದ ಹತ್ತಿರ, ದೇವರು ಬೆಳಕನ್ನೂ ಕತ್ತಲೆಯನ್ನೂ ಬೇರೆ ಮಾಡುವ ಚಿತ್ರವನ್ನು ಅವನು ಒಂದೇ ದಿನದಲ್ಲಿ ಮುಗಿಸಿದ.