ಕಡ್ಡಿ ತೂಗಿ ಕಾಡು ಕಾದವರು: ಬೆಂಕಿ ಅಪಾಯದ ಅಂಕಿ ಹುಟ್ಟಿದ ಕಥೆ

ಅರ್ಧ ಇಂಚು ದಪ್ಪದ ಪೈನ್ ಮರದ ಕಡ್ಡಿಗಳ ಒಂದು ಕಟ್ಟು. ಪೂರ್ತಿ ಒಣಗಿದಾಗ ಅದರ ತೂಕ ಸರಿಯಾಗಿ 100 ಗ್ರಾಂ. ಅದನ್ನು ಕಾಡಿನ ಬಯಲಲ್ಲಿ, ನೆಲದಿಂದ ಒಂದು ಗೇಣು ಮೇಲೆ ಇಟ್ಟು ದಿನಾ ತೂಗುತ್ತಾರೆ. 108 ಗ್ರಾಂ ಬಂದರೆ ನೂರಕ್ಕೆ 8 ಪಾಲು ನೀರು ಇದೆ ಎಂದರ್ಥ. 104ಕ್ಕೆ ಇಳಿದರೆ ಬರೀ 4 ಪಾಲು. ಸುತ್ತ ಬಿದ್ದಿರುವ ಪುಳ್ಳೆಯೂ ಹೆಚ್ಚುಕಡಿಮೆ ಅಷ್ಟೇ ಒಣಗಿರುತ್ತದೆ. ಅವತ್ತು ಒಂದು ಕಿಡಿ ಬಿದ್ದರೆ ಸಾಕು.

ಅಮೆರಿಕದಲ್ಲಿ ಈ ಕಡ್ಡಿ ತೂಗುವ ಕೆಲಸ ಶುರುವಾಗಿದ್ದರ ಹಿಂದೆ ದೊಡ್ಡ ದುಃಖವಿದೆ. 1910ರ ಆಗಸ್ಟ್‌ನಲ್ಲಿ ಐಡಾಹೊ, ಮೊಂಟಾನಾ ಕಡೆ ಎರಡೇ ದಿನದಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟುಹೋಯಿತು. 80ಕ್ಕೂ ಜಾಸ್ತಿ ಜನ ಸತ್ತರು. ಅವರಲ್ಲಿ ಹೆಚ್ಚಿನವರು ಬೆಂಕಿ ಆರಿಸಲು ಹೋದವರೇ. ಅಲ್ಲಿನ ಅರಣ್ಯ ಸೇವೆ ಶುರುವಾಗಿ ಆಗಿನ್ನೂ ಐದೇ ವರ್ಷವಾಗಿತ್ತು. ಬೇಸಿಗೆ ಪೂರ್ತಿ ಜನರನ್ನು ಕಾವಲಿಗಿಟ್ಟರೆ ಕೂಲಿಗೆ ದುಡ್ಡು ಸಾಲದು. ಇಡದಿದ್ದರೆ ಕಾಡು ಉಳಿಯದು. ಯಾವ ದಿನ ಎಷ್ಟು ಜನ ಬೇಕು ಅನ್ನುವುದನ್ನು ಅನುಭವಸ್ಥರು ಕಣ್ಣಂದಾಜಿನಲ್ಲೇ ಹೇಳುತ್ತಿದ್ದರು. ಆದರೆ ಒಬ್ಬರಿಗೆ ಭಯ ಅನ್ನಿಸಿದ್ದು ಇನ್ನೊಬ್ಬರಿಗೆ ಮಾಮೂಲಿ ಅನ್ನಿಸುತ್ತಿತ್ತು.

ಅರಣ್ಯ ಸೇವೆಯ ಬೆಂಕಿ ಸಂಶೋಧಕ ಹ್ಯಾರಿ ಗಿಸ್ಬೋರ್ನ್ 1922ರಲ್ಲಿ ಐಡಾಹೊದ ಪ್ರೀಸ್ಟ್ ರಿವರ್ ಪ್ರಾಯೋಗಿಕ ಅರಣ್ಯಕ್ಕೆ ಬಂದರು. ಕಡ್ಡಿಯ ತೇವ, ಗಾಳಿಯ ವೇಗ, ಗಾಳಿಯ ಆರ್ದ್ರತೆ ಎಲ್ಲವನ್ನೂ ಅಳೆದರು. 1930ರ ದಶಕದ ಆರಂಭದಲ್ಲಿ ಜೇಬಿನಲ್ಲಿ ಇಟ್ಟುಕೊಳ್ಳುವಂಥ ರಟ್ಟಿನ ಮಾಪಕವೊಂದನ್ನು ಮಾಡಿದರು. ಆಯಾ ದಿನದ ಅಳತೆಗೆ ತಕ್ಕಂತೆ ಅದನ್ನು ಸರಿಸಿದರೆ ಅಪಾಯದ ದರ್ಜೆ ಸಿಗುತ್ತದೆ. ದರ್ಜೆ ಏರಿದ ಹಾಗೆ ಕಾವಲಿಗೆ ಜನ ಏರಬೇಕು. ನನಗೆ ದೊಡ್ಡದು ಅನ್ನಿಸುವುದು ಇದೇ. ಬರೀ ಅಂಕಿಯಿಂದ ಏನೂ ಆಗಲ್ಲ. ಅದಕ್ಕೆ ಒಂದು ಕೆಲಸ ಗಂಟು ಹಾಕಿದಾಗಲೇ ಅದಕ್ಕೆ ಬೆಲೆ.

1949ರ ಆಗಸ್ಟ್‌ನಲ್ಲಿ ಮೊಂಟಾನಾದ ಮ್ಯಾನ್ ಗಲ್ಚ್ ಕಣಿವೆಯಲ್ಲಿ 13 ಸಿಬ್ಬಂದಿ ಬೆಂಕಿಗೆ ಸಿಕ್ಕಿ ಸತ್ತರು. ಆ ಬೆಂಕಿ ಹೇಗೆ ಓಡಿತು ಎಂದು ತಿಳಿಯಲು ಗಿಸ್ಬೋರ್ನ್ ನವೆಂಬರ್‌ನಲ್ಲಿ ಅಲ್ಲಿಗೆ ಹೋದರು. ಹೃದಯದ ಕಾಯಿಲೆ ಇದ್ದರೂ ಆ ಕಡಿದಾದ ಜಾಗದಲ್ಲಿ ಓಡಾಡಿದರು. ಅಲ್ಲೇ ಹೃದಯಾಘಾತವಾಗಿ ತೀರಿಕೊಂಡರು.

ಅಲ್ಲಿಂದ ಮುಂದೆಯೂ ಅಮೆರಿಕದಲ್ಲಿ ಒಂದೊಂದು ಕಡೆ ಒಂದೊಂದು ಪದ್ಧತಿ ಇತ್ತು. ಇಡೀ ದೇಶಕ್ಕೆ ಒಂದೇ ಪದ್ಧತಿ ಬಂದಿದ್ದು 1972ರಲ್ಲಿ. ಅದು ಸೌದೆಯನ್ನು ಒಣಗುವ ವೇಗದ ಮೇಲೆ ವಿಂಗಡಿಸುತ್ತದೆ. ಹುಲ್ಲು, ತರಗೆಲೆ 1 ಗಂಟೆಯ ಲೆಕ್ಕ. ಗಿಸ್ಬೋರ್ನ್ ಕಡ್ಡಿಯಂಥದ್ದು 10 ಗಂಟೆ. ಇನ್ನೂ ದಪ್ಪದ್ದು 100 ಗಂಟೆ. ದೊಡ್ಡ ದಿಮ್ಮಿ 1000 ಗಂಟೆ, ಅಂದರೆ 40 ದಿನದ ಹತ್ತಿರ. ಹಾಗಾಗಿ ಒಂದು ಮಳೆ ಬಿತ್ತು, ಇನ್ನು ಚಿಂತೆಯಿಲ್ಲ ಎಂದು ಸುಮ್ನೆ ಕೂರುವಂತಿಲ್ಲ. ತರಗೆಲೆ ಮಧ್ಯಾಹ್ನದೊಳಗೆ ಮತ್ತೆ ಗರಿಗರಿ ಆಗಿರುತ್ತದೆ. ತಿಂಗಳಿಂದ ಒಣಗಿದ ದಿಮ್ಮಿಗೆ ಆ ಮಳೆ ಮುಟ್ಟಿಯೇ ಇರುವುದಿಲ್ಲ.

ಸಿದ್ಧತೆ ಹೇಗೆ ನಿರ್ಧಾರವಾಗುತ್ತದೆ? ಹಿಂದಿನ ವರ್ಷಗಳ ಹವೆಯನ್ನೂ ಬೆಂಕಿಯನ್ನೂ ಜೋಡಿಸಿ ನೋಡುತ್ತಾರೆ. 100 ದಿನದಲ್ಲಿ 10 ದಿನ ಮಾತ್ರ ದಾಟುವ ಅಂಕಿ ಯಾವುದು, 3 ದಿನ ಮಾತ್ರ ದಾಟುವುದು ಯಾವುದು ಎಂದು ಗುರುತು ಹಾಕುತ್ತಾರೆ. ಆ ಗೆರೆ ದಾಟಿದರೆ ಡ್ಯೂಟಿ ಹೊತ್ತು ಹೆಚ್ಚಾಗುತ್ತದೆ. ಮೊದಲ ಕರೆಗೇ ಹೆಚ್ಚು ಗಾಡಿ, ಹೆಚ್ಚು ಜನ ಹೊರಡುತ್ತಾರೆ. ಹೊಗೆ ಕಂಡಮೇಲೆ ಕೂತು ಯೋಚಿಸುವ ಮಾತಲ್ಲ ಇದು. ಬೆಂಕಿಯ ಕಾಲಕ್ಕೆ ಮುಂಚೆಯೇ ಬರೆದಿಟ್ಟಿರುತ್ತಾರೆ. 1994ರಲ್ಲಿ ಕೊಲರಾಡೊದ ಸೌತ್ ಕ್ಯಾನ್ಯನ್ ಬೆಂಕಿಗೆ 14 ಜನ ಬಲಿಯಾದ ಮೇಲೆ, ಈ ಅಂಕಿಗಳನ್ನು ಪುಟ್ಟ ಕಾರ್ಡಿನಲ್ಲಿ ಅಚ್ಚುಮಾಡಿ ಬೆಂಕಿ ಆರಿಸುವವರ ಕೈಗೇ ಕೊಡುವ ಪದ್ಧತಿ ಬಂತು.

ಆಸ್ಟ್ರೇಲಿಯಾದ ಪಾಠ ಇನ್ನೂ ಕಹಿ. ಅಲ್ಲಿ ಬೆಂಕಿ ಸಂಶೋಧಕ ಮೆಕಾರ್ಥರ್ ರೂಪಿಸಿದ ಬೆಂಕಿ ಅಪಾಯದ ಅಳತೆಯಲ್ಲಿ 100 ಅಂದರೆ 1939ರ ಜನವರಿ 13ರಂಥ ದಿನ. ಅವತ್ತು ವಿಕ್ಟೋರಿಯಾ ರಾಜ್ಯ ಹೊತ್ತಿ ಉರಿದಿತ್ತು. ಅದಕ್ಕಿಂತ ಕೆಟ್ಟ ದಿನ ಇರಲಾರದು ಅಂದುಕೊಂಡಿದ್ದರು. 2009ರ ಫೆಬ್ರವರಿ 7ರಂದು ಅಂಕಿ ನೂರನ್ನೂ ದಾಟಿ ಹೋಯಿತು. 173 ಜನ ಸತ್ತರು. ಆಮೇಲೆ ಎಲ್ಲಕ್ಕಿಂತ ಮೇಲೆ ಹೊಸ ದರ್ಜೆಯೊಂದನ್ನು ಸೇರಿಸಿದರು. ಆ ದಿನ ಮನೆ ಕಾಯಲು ನಿಲ್ಲಬೇಡಿ, ಮೊದಲೇ ಹೊರಟುಬಿಡಿ ಅನ್ನುವುದೇ ಅದರ ಅರ್ಥ.

ಇನ್ನು ನಮ್ಮ ಕಡೆ. ಭಾರತೀಯ ಅರಣ್ಯ ಸಮೀಕ್ಷೆ 2004ರಿಂದ ಉಪಗ್ರಹದ ಮೂಲಕ ಬೆಂಕಿ ಕಂಡ ಜಾಗವನ್ನು ತಿಳಿಸುತ್ತಿದೆ. ಆದರೆ ಅದು ಹೊತ್ತಿದ ಮೇಲಿನ ಸುದ್ದಿ ಅಲ್ವಾ? ಹೊತ್ತುವ ಮುಂಚಿನ ಎಚ್ಚರಿಕೆ ಶುರುವಾಗಿದ್ದು 2016ರಲ್ಲಿ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹತ್ತಿಕೊಂಡಿತು. ಒಣಗಿ ನಿಂತ ಲಂಟಾನ ಬೆಂಕಿಗೆ ಏಣಿಯಾಯಿತು. ವಾಯುಪಡೆಯ ಹೆಲಿಕಾಪ್ಟರ್ ನೀರು ಸುರಿಯುವ ಹೊತ್ತಿಗೆ ಕಾಡು ಕೆಲವು ದಿನ ಉರಿದಾಗಿತ್ತು. ಬೆಂಕಿ ರೇಖೆ ಮಾಡುವವರು, ಸೊಪ್ಪಿನ ಕೊಂಬೆ ಹಿಡಿದು ಬಡಿಯುವವರು ನಮ್ಮಲ್ಲೂ ಇದ್ದಾರೆ. ಪೈನ್ ಕಡ್ಡಿಯ ಲೆಕ್ಕ ನಮ್ಮ ಲಂಟಾನಕ್ಕೂ ಬಿದಿರಿಗೂ ಹಾಗೇ ಹೊಂದುವುದಿಲ್ಲ. ಅವು ಒಣಗುವ ಬಗೆಯನ್ನು ಇಲ್ಲೇ ಅಳೆಯಬೇಕು. ಅಂಕಿ ಏರಿದ ದಿನ ಯಾವ ಶಿಬಿರಕ್ಕೆ ಎಷ್ಟು ಕಾವಲುಗಾರರು ಅನ್ನುವುದು ಜನವರಿಯಲ್ಲೇ ಬರೆದಿರಬೇಕು.